ಕಣಜದ ಬೀಗದ ಕೈ

'ನಾಗರಿಕತೆ' ಎಂಬ ಮಾತು 'ನಗರ' ಶಬ್ದದಿಂದ ಬಂದುದೆಂದು ನಾವೆಲ್ಲ ಬಲ್ಲೆವು. ಆದರೆ ನಗರವು ತಾನಾಗಿ ಎದ್ದು ನಿಲ್ಲುವ ವಸ್ತುವಲ್ಲ. ಅದರ ಬೇರು ಹೊಲದಲ್ಲಿದೆ. ಹೊಲದ ಬೇರು ನೀರಿನಲ್ಲಿದೆ. ಪ್ರಾಚೀನ ನದೀ ಬಯಲುಗಳ ಪಾಠವನ್ನು ಹೇಳುತ್ತಿದ್ದಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಪೂಜಾರಿ ಉಳಲಿಲ್ಲ, ರಾಜ ಉಳಲಿಲ್ಲ, ಲೆಕ್ಕ ಬರೆಯುವವನೂ ಉಳಲಿಲ್ಲ. ಇವರಿಗೆಲ್ಲ ಊಟ ಎಲ್ಲಿಂದ ಬರುತ್ತಿತ್ತು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಧರ್ಮ, ರಾಜ್ಯ, ಸಮಾಜ ಎಂದು ಪುಸ್ತಕವು ಮೂರು ತಲೆಬರಹಗಳ ಕೆಳಗೆ ಹಂಚಿಟ್ಟಿದ್ದುದನ್ನು ಆ ಹುಡುಗ ಒಂದೇ ಪ್ರಶ್ನೆಯಲ್ಲಿ ಕಟ್ಟಿಬಿಟ್ಟಿದ್ದ.

ಉಳುವವನ ಮನೆ ಉಂಡು ಮಿಕ್ಕ ಕಾಳು ಎಲ್ಲಿಗಾದರೂ ಹೋಗಿ ಸೇರಬೇಕಷ್ಟೆ. ಅದನ್ನು ಕೂಡಿಡುವವರು, ಅಳೆಯುವವರು, ಕಾಯುವವರು, ಹಂಚುವವರು ಬೇಕು. ಈ ಕಣಜದ ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂಬುದನ್ನು ಹಿಡಿದು ಹೊರಟರೆ, ಸುಮಾರು ಐದು ಸಾವಿರ ವರ್ಷಗಳ ಹಿಂದಿನ ಆ ಜನರ ದೇವರೂ ದೊರೆಯೂ ನಮಗೆ ಸ್ವಲ್ಪ ಹತ್ತಿರವಾಗುತ್ತಾರೆ.

ಮೊದಲು ಇಂದಿನ ಇರಾಕಿನ ದಕ್ಷಿಣ ಭಾಗವಾದ ಸುಮೇರಿಗೆ ಹೋಗೋಣ. ಟೈಗ್ರಿಸ್ ಮತ್ತು ಯೂಫ್ರೆಟೀಸ್ ನದಿಗಳಿಗೆ ಉತ್ತರದ ಬೆಟ್ಟಗಳ ಹಿಮ ಕರಗಿ ನೆರೆ ಬರುತ್ತಿದ್ದುದು ವಸಂತದಲ್ಲಿ, ಅಂದರೆ ಜವೆಗೋಧಿಯ ಪೈರು ಕೊಯ್ಲಿಗೆ ಬರುವ ಹೊತ್ತಿನಲ್ಲಿ. ಬಿತ್ತನೆಗೆ ಬೇಕಾದಾಗ ನೀರಿಲ್ಲ, ಬೇಡವಾದಾಗ ಪ್ರವಾಹ. ಆದುದರಿಂದ ಏರಿ ಕಟ್ಟಬೇಕು, ಕಾಲುವೆ ತೋಡಬೇಕು, ವರ್ಷ ವರ್ಷವೂ ಹೂಳೆತ್ತಬೇಕು. ಇದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಆ ನಾಡಿನ ಒಂದು ಹಳೆಯ ಕಾವ್ಯದಲ್ಲಿ ಸೊಗಸಾದ ಕಥೆಯಿದೆ. ಆದಿಯಲ್ಲಿ ಕಾಲುವೆ ತೋಡುವ ಕೆಲಸ ಕಿರಿಯ ದೇವತೆಗಳ ಪಾಲಿಗಿತ್ತಂತೆ. ಅವರು ದುಡಿದು ಬೇಸತ್ತು ದಂಗೆಯೆದ್ದಾಗ, ಆ ದುಡಿಮೆಯನ್ನು ಹೊರುವುದಕ್ಕಾಗಿಯೇ ಹಿರಿಯ ದೇವತೆಗಳು ಮಣ್ಣಿನಿಂದ ಮನುಷ್ಯನನ್ನು ಮಾಡಿದರಂತೆ. ಹೂಳೆತ್ತಿ ಬೆನ್ನು ನೋಯಿಸಿಕೊಂಡ ಜನರ ನಡುವೆಯಲ್ಲದೆ ಇಂಥ ಸೃಷ್ಟಿಕಥೆ ಬೇರೆಲ್ಲಿ ಹುಟ್ಟೀತು?

ಸುಮೇರಿನ ಒಂದೊಂದು ಊರಿಗೂ ಒಬ್ಬೊಬ್ಬ ಒಡೆಯ ದೇವರು. ಊರ್ ನಗರಕ್ಕೆ ಚಂದ್ರದೇವ ನನ್ನ, ಉರುಕಿಗೆ ಇನಾನ್ನ, ನಿಪ್ಪೂರಿಗೆ ಎನ್ಲಿಲ್. ದೇವರ ಹೆಸರಿನಲ್ಲಿ ಹೊಲಗಳಿದ್ದವು. ದೇವರ ಹೆಸರಿನಲ್ಲಿಯೇ ಉಗ್ರಾಣವಿತ್ತು. ಉರುಕಿನ ಇನಾನ್ನ ದೇವಿಯ ಗುಡಿಯ ಆವರಣದಲ್ಲಿ ದೊರೆತ ಮಣ್ಣಿನ ಹಲಗೆಗಳು ಕ್ರಿ. ಪೂ. 3300ರ ಸುಮಾರಿನವು, ಜಗತ್ತಿನ ಅತಿ ಹಳೆಯ ಬರವಣಿಗೆಗಳಲ್ಲಿ ಸೇರತಕ್ಕವು. ಅವುಗಳಲ್ಲಿ ಏನಿದೆ? ಇಷ್ಟು ಅಳತೆ ಜವೆ, ಇಷ್ಟು ಕುರಿ, ಕೆಲಸದವರಿಗೆ ಇಷ್ಟು ಪಡಿ. ಬಹುಪಾಲು ಇಂಥ ಲೆಕ್ಕವೇ. ಅಕ್ಷರವೆಂದೊಡನೆ ಸರಸ್ವತಿಯನ್ನೂ ಕವಿಯನ್ನೂ ನೆನೆಯುವುದು ನನ್ನಂಥ ಪಂಡಿತರ ಅಭ್ಯಾಸ. ಆದರೆ ಅಲ್ಲಿ ಅಕ್ಷರವನ್ನು ಹೆತ್ತವನು ಶಾನುಭೋಗ. ಅದು ಕವಿಯ ಕೈಗೆ ಬಂದುದು ಶತಮಾನಗಳು ಕಳೆದ ಮೇಲೆ.

ಕಾಲುವೆಗಳು ಉದ್ದವಾದಂತೆ ಒಂದೂರಿನ ನೀರು ಇನ್ನೊಂದೂರಿನ ಜಗಳವಾಯಿತು. ಲಗಾಷ್ ಮತ್ತು ಉಮ್ಮಾ ಎಂಬ ನೆರೆಯ ನಗರಗಳು ಒಂದು ಗಡಿಯ ಬಯಲಿಗಾಗಿಯೂ ಅದರ ಕಾಲುವೆಗಾಗಿಯೂ ತಲೆಮಾರುಗಳವರೆಗೆ ಹೋರಾಡಿದುವು. ಲಗಾಷಿನ ದೊರೆ ಎಯನ್ನಾತುಂ ಕ್ರಿ. ಪೂ. 2450ರ ಸುಮಾರಿನಲ್ಲಿ ನಿಲ್ಲಿಸಿದ ವಿಜಯದ ಕಲ್ಲು, ರಣಹದ್ದುಗಳು ಹೆಣಗಳ ತಲೆಗಳನ್ನು ಕಚ್ಚಿಕೊಂಡು ಹಾರುವ ಚಿತ್ರದೊಡನೆ, ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧ ಹೆಚ್ಚಿದಂತೆ ದಳಪತಿ ದೊರೆಯಾದ. ಗುಡಿಯ ಪಕ್ಕದಲ್ಲಿ ಅರಮನೆ ಎದ್ದಿತು. ಬೀಗದ ಕೈ ಮೆಲ್ಲಮೆಲ್ಲನೆ ಅತ್ತ ಸರಿಯಿತು.

ಬೀಗದ ಕೈ ಹಿಡಿದವರು ಕಾಳನ್ನು ತಾವೇ ಬಾಚಿಕೊಂಡರೆ ಏನು ಗತಿ? ಇದಕ್ಕೂ ಲಗಾಷ್ ನಗರವೇ ಸಾಕ್ಷಿ. ಕ್ರಿ. ಪೂ. 2350ರ ಸುಮಾರಿನಲ್ಲಿ ಆಳಿದ ಉರುಕಗಿನ ಎಂಬ ದೊರೆ, ಅಧಿಕಾರಿಗಳು ಬಡವರ ದೋಣಿ, ಕತ್ತೆಗಳನ್ನು ಕಸಿಯುತ್ತಿದ್ದುದನ್ನೂ ಹೆಣ ಹೂಳುವುದಕ್ಕೂ ವಿಪರೀತ ದಕ್ಷಿಣೆ ಕೀಳುತ್ತಿದ್ದುದನ್ನೂ ಶಾಸನದಲ್ಲಿ ಪಟ್ಟಿಮಾಡಿ, ಅವುಗಳನ್ನು ತಡೆದೆನೆಂದು ಬರೆಯಿಸಿದ. ವಿಧವೆಯನ್ನೂ ಅನಾಥನನ್ನೂ ಬಲಿಷ್ಠರ ಕೈಗೆ ಒಪ್ಪಿಸೆನೆಂದು ದೇವರಿಗೆ ಮಾತು ಕೊಟ್ಟ. ಅನಂತರ ಸುಮಾರು ಆರು ಶತಮಾನಗಳ ಮೇಲೆ ಬಾಬಿಲೋನಿನ ಹಮ್ಮುರಾಬಿ ತನ್ನ ಕಟ್ಟಳೆಗಳನ್ನು ಕಲ್ಲಿನಲ್ಲಿ ಕೊರೆಯಿಸಿದ. ತನ್ನ ಏರಿಯನ್ನು ಸೋಮಾರಿತನದಿಂದ ಕೆಡಗೊಟ್ಟು ನೆರೆಯವನ ಹೊಲ ಮುಳುಗಿಸಿದವನು ಆ ಕಾಳನ್ನು ತುಂಬಿಕೊಡಬೇಕು. ನೆರೆಯಿಂದಲೋ ಬರದಿಂದಲೋ ಬೆಳೆ ಹೋದರೆ ಸಾಲಗಾರನು ಆ ವರ್ಷದ ಬಡ್ಡಿ ಕೊಡಬೇಕಾಗಿಲ್ಲ. ಎಂಥ ಬೆಳಕಿನ ಮಾತು! ಆದರೆ ಅದೇ ಕಲ್ಲಿನಲ್ಲಿ ಮತ್ತೊಂದು ಮಾತೂ ಇದೆ. ಕುಲೀನನ ಕಣ್ಣು ಕಳೆದವನ ಕಣ್ಣು ಹೋಗಬೇಕು. ಸಾಮಾನ್ಯನ ಕಣ್ಣು ಕಳೆದರೆ ಬೆಳ್ಳಿ ತೆತ್ತರೆ ಸಾಕು. ಗುಲಾಮನ ಕಣ್ಣಿಗೆ ಅವನ ಬೆಲೆಯ ಅರ್ಧ ಮಾತ್ರ. ಸಮಾಜದ ಮೆಟ್ಟಿಲುಗಳನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಬರೆದಿಡಲಾರರು.

ನೈಲ್ ನದಿಯ ಸ್ವಭಾವ ಬೇರೆ. ನಮ್ಮಲ್ಲಿ ಮುಂಗಾರು ಸುರಿಯುವ ಕಾಲದಲ್ಲಿಯೇ ಇಥಿಯೋಪಿಯದ ಬೆಟ್ಟಗಳಲ್ಲೂ ಮಳೆ ಬೀಳುತ್ತದೆ. ಆ ನೀರು ಈಜಿಪ್ಟಿನ ಹೊಲಗಳ ಮೇಲೆ ಹರಡಿ, ಮೆಕ್ಕಲು ಮಣ್ಣನ್ನು ಬಿಟ್ಟು, ಬಿತ್ತನೆಯ ಹೊತ್ತಿಗೆ ಸರಿಯಾಗಿ ಇಳಿದುಹೋಗುತ್ತಿತ್ತು. 1970ರಲ್ಲಿ ಆಸ್ವಾನಿನ ಹಿರಿಯ ಅಣೆಕಟ್ಟು ಮುಗಿದ ಮೇಲೆ ಆ ವಾರ್ಷಿಕ ಪ್ರವಾಹ ಇಲ್ಲವಾಗಿದೆ. ಹೀಗೆ ಹೊತ್ತು ತಪ್ಪದೆ ಬರುವ ನದಿಯ ದಡದಲ್ಲಿ ಬಾಳಿದವರಿಗೆ ಲೋಕವೇ ಒಂದು ಕ್ರಮದಲ್ಲಿ ನಡೆಯುತ್ತದೆಂದು ತೋರಿದುದು ಸಹಜ. ಆ ಕ್ರಮಕ್ಕೆ, ಆ ಸತ್ಯಕ್ಕೆ ಅವರು 'ಮಾತ್' ಎಂದರು. ನಮ್ಮ ವೈದಿಕರ 'ಋತ'ವನ್ನು ನೆನಪಿಗೆ ತರುವ ಕಲ್ಪನೆ. ಸತ್ತವನ ಹೃದಯವನ್ನು ಮಾತ್ ದೇವಿಯ ಗರಿಯೊಡನೆ ತಕ್ಕಡಿಯಲ್ಲಿಟ್ಟು ತೂಗುವ ಚಿತ್ರವನ್ನು ಅನೇಕರು ನೋಡಿರಬಹುದು.

ಈ ಕ್ರಮವನ್ನು ಭೂಮಿಯ ಮೇಲೆ ಕಾಯುವವನು ಫೇರೋ. ಸುಮೇರಿನ ದೊರೆ ಸಾಮಾನ್ಯವಾಗಿ ದೇವರ ಕಾರ್ಯಭಾರಿ; ಈಜಿಪ್ಟಿನವನು ತಾನೇ ದೇವಾಂಶ. ಕ್ರಿ. ಪೂ. 3100ರ ಸುಮಾರಿಗೆ ಇಡೀ ಕಣಿವೆ ಒಂದೇ ಕಿರೀಟದ ಕೆಳಗೆ ಬಂದಿತು; ಕಣಜವೂ ಬಂದಿತು. ವರ್ಷ ವರ್ಷದ ನೆರೆಯ ಎತ್ತರವನ್ನು ಅಳೆದು ದಾಖಲೆ ಮಾಡುತ್ತಿದ್ದರು. ಆ ಎತ್ತರ ತಿಳಿದರೆ ಬೆಳೆಯ ಅಂದಾಜು ತಿಳಿಯುತ್ತಿತ್ತು. ಪಿರಮಿಡ್ಡುಗಳನ್ನು ಚಾಟಿಯೇಟಿನ ಕೆಳಗೆ ಗುಲಾಮರು ಕಟ್ಟಿದರೆಂಬ ಚಿತ್ರ ಈಗ ನಿಲ್ಲುವುದಿಲ್ಲ. ಗೀಝಾದಲ್ಲಿ ಕೆಲಸಗಾರರ ವಸತಿ, ರೊಟ್ಟಿಯ ಭಟ್ಟಿಗಳು, ಗೋರಿಗಳು ದೊರೆತಿವೆ. ಕೆಂಪು ಸಮುದ್ರದ ದಡದಲ್ಲಿ 2013ರಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳಲ್ಲಿ, ಖೂಫುವಿನ ಪಿರಮಿಡ್ಡಿಗೆ ದೋಣಿಗಳಲ್ಲಿ ಸುಣ್ಣಕಲ್ಲು ಸಾಗಿಸಿದ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯೇ ಇದೆ. ದುಡಿಮೆ ದೊರೆಗೆ ಸಲ್ಲಬೇಕಾದ ಋಣ; ಅನ್ನ ದೊರೆ ಕೊಡಬೇಕಾದ ಋಣ.

ಈ ಎರಡನೆಯ ಋಣ ತಪ್ಪಿದರೆ? ಕ್ರಿ. ಪೂ. 2200ರ ಸುಮಾರಿಗೆ ನೈಲ್ ನದಿಯ ನೆರೆ ಸೊರಗಿತು. ಇತರ ಕಾರಣಗಳೂ ಕೂಡಿಕೊಂಡು ಹಳೆಯ ರಾಜ್ಯ ಒಡೆಯಿತು. ಆ ಒಡಕಿನ ಕಾಲದ ಅಂಖ್ತಿಫಿ ಎಂಬ ಪ್ರಾಂತಾಧಿಕಾರಿ, ಹಸಿದವರಿಗೆ ತಾನು ಅನ್ನವಿಟ್ಟೆನೆಂದು ತನ್ನ ಗೋರಿಯ ಗೋಡೆಯ ಮೇಲೆ ಹೆಮ್ಮೆಯಿಂದ ಬರೆಯಿಸಿದ್ದಾನೆ. ಹಿಂದೆ ಫೇರೋವಿಗೆ ಸಲ್ಲುತ್ತಿದ್ದ ಹೊಗಳಿಕೆಯನ್ನು ಕಾಳು ಕೈಯಲ್ಲಿದ್ದವನು ತನಗೇ ಸಲ್ಲಿಸಿಕೊಂಡ.

ಇನ್ನು ನಮ್ಮ ಸಿಂಧೂ ಬಯಲು. ಹರಪ್ಪದ ಅಗೆತ 1921ರಲ್ಲಿ ದಯಾರಾಮ ಸಾಹ್ನಿಯವರಿಂದಲೂ ಮೊಹೆಂಜೊದಾರೊವಿನದು ಮರುವರ್ಷ ರಾಖಾಲದಾಸ ಬ್ಯಾನರ್ಜಿಯವರಿಂದಲೂ ಮೊದಲಾಯಿತು. ಅಲ್ಲಿ ಉದ್ದ, ಅಗಲ, ದಪ್ಪಗಳ ಪ್ರಮಾಣ ಒಂದೇ ಆದ ಇಟ್ಟಿಗೆ, ಮನೆಮನೆಗೆ ಬಚ್ಚಲು, ಮುಚ್ಚಿದ ಚರಂಡಿ, ಸುಮಾರು 12 ಮೀಟರು ಉದ್ದ 7 ಮೀಟರು ಅಗಲದ ದೊಡ್ಡ ಕೊಳ, ನೂರಾರು ಮೈಲಿಗಳ ಅಂತರದಲ್ಲೂ ಬದಲಾಗದ ತೂಕದ ಕಲ್ಲುಗಳು. ಆದರೆ ಇದು ಅರಮನೆ, ಇದು ಗುಡಿ, ಇದು ರಾಜನ ಗೋರಿ ಎಂದು ನಿಶ್ಚಯವಾಗಿ ಬೆರಳಿಟ್ಟು ತೋರಿಸುವಂಥದು ಒಂದೂ ಇಲ್ಲ. ಕಣಜವೆಂದು ಹೆಸರಿಟ್ಟ ದೊಡ್ಡ ಕಟ್ಟಡದ ವಿಷಯದಲ್ಲಿಯೂ ವಿದ್ವಾಂಸರಿಗೆ ಸಂಶಯ ಬಂದಿದೆ. ಅಲ್ಲಿ ಕಾಳಿನ ಕುರುಹು ದೊರೆಯಲಿಲ್ಲ. ತೂಕವನ್ನು ನೂರಾರು ವರ್ಷ ಕಾಪಾಡಿದವರು ಹಿರಿಯರ ಸಭೆಯೋ, ವರ್ತಕರ ಕೂಟವೋ, ಪುರೋಹಿತರೋ? ಲಿಪಿ ಓದಲು ಬಂದಿಲ್ಲ. ಅದು ಸಂಸ್ಕೃತವೆಂದು ಕೆಲವರು, ಹಳೆಯ ದ್ರಾವಿಡವೆಂದು ಕೆಲವರು ವಾದಿಸುತ್ತಾರೆ. ದ್ರಾವಿಡವೆಂದರೆ ಕನ್ನಡ ಪಂಡಿತನ ಕಿವಿ ನಿಮಿರುತ್ತದೆ, ನಿಜ. ಆದರೆ ಆಸೆಯನ್ನು ಪ್ರಮಾಣವೆಂದು ಒಪ್ಪಲಾಗದು. ಬೀಗದ ಕೈ ಹಿಡಿದವನು ತನ್ನ ದೊಡ್ಡ ಪ್ರತಿಮೆಯನ್ನು ನಿಲ್ಲಿಸಿಕೊಳ್ಳದೆ ಒಂದು ಮಹಾನಗರ ಬಾಳೀತೆಂಬ ಸೂಚನೆಯಂತೂ ಅಲ್ಲಿದೆ.

ಸುಮೇರಿನ ಕಥೆಯ ಕೊನೆಯೊಂದು ಉಳಿದಿದೆ. ಬಿಸಿಲ ನಾಡಿನಲ್ಲಿ ಬಸಿದು ಹೋಗಲು ದಾರಿಯಿಲ್ಲದಂತೆ ನೀರು ಹಾಯಿಸಿದರೆ ನೀರು ಆವಿಯಾಗಿ ಉಪ್ಪು ಮೇಲೆ ನಿಲ್ಲುತ್ತದೆ. ಉಪ್ಪು ತಾಳದ ಗೋಧಿ ಅಲ್ಲಿ ಹಿಂದೆ ಸರಿದು, ತಾಳುವ ಜವೆ ಉಳಿಯಿತೆಂದೂ, ಆ ಮೇಲೆ ಜವೆಯ ಇಳುವರಿಯೂ ಕುಗ್ಗಿತೆಂದೂ ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ತೋರಿಸಿದರು. ಅದು ಎಷ್ಟರಮಟ್ಟಿನದು ಎಂಬ ಚರ್ಚೆ ಮುಗಿದಿಲ್ಲ. ಆದರೆ ಈ ಕೇಡು ಹೇಗೆ ಆಗುತ್ತದೆಂಬುದನ್ನು ತಿಳಿಯಲು ನಾವು ಇರಾಕಿಗೆ ಹೋಗಬೇಕಾಗಿಲ್ಲ. 1953ರಿಂದ ತುಂಗಭದ್ರೆಯ ಕಾಲುವೆಗಳು ಹರಿದ ರಾಯಚೂರು, ಕೊಪ್ಪಳದ ಸೀಮೆಯಲ್ಲಿ, ಬತ್ತಕ್ಕೆ ನೀರು ನಿಂತೂ ನಿಂತೂ ಎಷ್ಟೋ ಹೊಲಗಳು ಜವುಗು ಹಿಡಿದು ಸವುಳಾಗಿವೆ. ಮೇಲಿನ ಹೊಲಕ್ಕೆ ನೀರು ಹೆಚ್ಚಾಗಿ ಕೇಡು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದೆ ಕೇಡು.

ನಮ್ಮ ಶಾಲೆ ಇರುವುದು ಅದೇ ಸೀಮೆಯಲ್ಲಿ. ಪ್ರಶ್ನೆ ಕೇಳಿದ ಹುಡುಗನ ತಂದೆಯ ಎರಡೆಕರೆ ಕಾಲುವೆಯ ಕೊನೆಯಲ್ಲಿದೆಯೆಂದು ನನಗೆ ಆಮೇಲೆ ತಿಳಿಯಿತು. ಅವನ ಪ್ರಶ್ನೆ ಬಂದುದು ಪುಸ್ತಕದಿಂದಲ್ಲ. ಅಂದಿನಿಂದ ಈ ಪಾಠ ಬಂದಾಗ ರಾಜರ ಹೆಸರುಗಳಿಗೆ ಮೊದಲು ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ನೀರು ಬಿಟ್ಟವರು ಯಾರು? ಕಾಳು ಅಳೆದವರು ಯಾರು? ಕೊನೆಯ ಹೊಲದವನಿಗೆ ಏನು ಉಳಿಯಿತು? ಸುಮೇರಿಗೂ ಈಜಿಪ್ಟಿಗೂ ಉತ್ತರ ಹುಡುಕಿದ ಮೇಲೆ, ಹುಡುಗರು ತಾವಾಗಿಯೇ ತಮ್ಮೂರಿನ ಕಾಲುವೆಯ ಮಾತಿಗೆ ಬರುತ್ತಾರೆ.