ಕೊನೆಗೆ ಬರೆದವರದೇ ಮಾತು

ಆಫೀಸಿನ ಕಂಪ್ಯೂಟರಿನಲ್ಲಿ ಏನಾದರೊಂದು ಸೆಟ್ಟಿಂಗ್ ಬದಲಿಸಲು ಹೋದವರಿಗೆ ಈ ಅನುಭವ ಆಗಿಯೇ ಇರುತ್ತದೆ. ಬಟನ್ ಕಣ್ಣೆದುರೇ ಇರುತ್ತದೆ, ಆದರೆ ಬೂದು ಬಣ್ಣಕ್ಕೆ ತಿರುಗಿದೆ, ಒತ್ತಿದರೂ ಅಲುಗದು. ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಅರ್ಥದ ಒಂದು ಸಾಲು ಪಕ್ಕದಲ್ಲಿ. ಸಂಸ್ಥೆ ಎಂದರೆ ಯಾರು? ದೊಡ್ಡ ಕಡೆ ಅದು ಒಬ್ಬರಲ್ಲ. ಹತ್ತು ನಿಮಿಷ ಮುಟ್ಟದಿದ್ದರೆ ಸ್ಕ್ರೀನ್ ಲಾಕ್ ಆಗಲಿ ಎಂದು ಮುಖ್ಯ ಕಚೇರಿ ಬರೆದಿರುತ್ತದೆ, ಅಕೌಂಟ್ಸ್ ವಿಭಾಗಕ್ಕೆ ಮೂವತ್ತು ನಿಮಿಷ ಇರಲಿ ಎಂದು ಅಲ್ಲಿನ ಐಟಿಯವರು ಬರೆದಿರುತ್ತಾರೆ. ಕಂಪ್ಯೂಟರ್ ಯಾರ ಮಾತು ಕೇಳಬೇಕು?

ಮುಖ್ಯ ಕಚೇರಿಯದು ಎನ್ನುತ್ತೀರಾ? ಅಲ್ಲ.

ವಿಂಡೋಸ್ 2000ದೊಂದಿಗೆ ಮೈಕ್ರೋಸಾಫ್ಟ್ ತಂದ ಗ್ರೂಪ್ ಪಾಲಿಸಿ ವ್ಯವಸ್ಥೆಯಲ್ಲಿ ನಿಯಮಗಳು ಒಂದರ ಮೇಲೊಂದು ಬೀಳುತ್ತವೆ. ಮೊದಲು ಆ ಕಂಪ್ಯೂಟರಿನೊಳಗೇ ಇರುವ ಸ್ಥಳೀಯ ನಿಯಮ. ಅದರ ಮೇಲೆ ಸೈಟಿನದು, ಎಂದರೆ ಜಾಲದಲ್ಲಿ ಕಂಪ್ಯೂಟರ್ ಇರುವ ನೆಲೆಯದು. ಆಮೇಲೆ ಇಡೀ ಡೊಮೇನಿನದು, ಎಂದರೆ ಸಂಸ್ಥೆಯ ಕಂಪ್ಯೂಟರು, ಖಾತೆಗಳನ್ನು ಒಟ್ಟಿಗೆ ನಿರ್ವಹಿಸುವ ಕೂಟದ್ದು. ಕೊನೆಗೆ ವಿಭಾಗದ್ದು, ವಿಭಾಗದೊಳಗೆ ಉಪವಿಭಾಗ ಇದ್ದರೆ ಅದರದು ಇನ್ನೂ ಕೊನೆಗೆ. ಗೋಡೆಗೆ ನಾಲ್ಕು ಸಲ ಬಣ್ಣ ಬಳಿದರೆ ಕಾಣುವುದು ಕೊನೆಯ ಪದರವೇ ತಾನೆ? ಇಲ್ಲಿಯೂ ಅಕೌಂಟ್ಸಿನ ಮೂವತ್ತು ನಿಮಿಷವೇ ಉಳಿಯುತ್ತದೆ. ಯಂತ್ರದ ಹೊಟ್ಟೆಯಲ್ಲೇ ಕೂತಿರುವ ಸ್ಥಳೀಯ ನಿಯಮಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ ಎಂಬುದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ.

ಆದರೆ ಜಗಳ ನಡೆಯುವುದು ಇಬ್ಬರೂ ಬಾಯಿಬಿಟ್ಟಾಗ ಮಾತ್ರ. ಹೆಚ್ಚಿನ ನಿಯಮಗಳಿಗೆ ಮೂರು ಸ್ಥಿತಿಗಳಿವೆ: ಜಾರಿಯಲ್ಲಿದೆ, ನಿಷ್ಕ್ರಿಯವಾಗಿದೆ, ಏನೂ ಹೇಳಿಲ್ಲ. 'ಬೇಡ' ಎನ್ನುವುದೂ 'ಏನೂ ಹೇಳದಿರುವುದೂ' ಒಂದೇ ಅಲ್ಲ. ವಿಭಾಗದವರು ಸುಮ್ಮನಿದ್ದರೆ ಮೇಲಿನವರ ಮಾತು ಹಾಗೇ ಇಳಿದು ಬರುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಹಾಗಾದರೆ ಮೇಲಿನವರಿಗೆ ಅಧಿಕಾರವೇ ಇಲ್ಲವೇ? ಇದೆ, ಆದರೆ ಬಳಸುತ್ತೇನೆಂದು ಅವರೇ ಹೇಳಬೇಕು. ನಿಯಮದ ಕೊಂಡಿಗೆ 'ಎನ್‌ಫೋರ್ಸ್ಡ್' ಎಂಬ ಗುರುತು ಹಾಕಿದರೆ ಕೆಳಗಿನವರು ಅದನ್ನು ಅಳಿಸಲಾರರು. ಮೇಲಿನಿಂದ ಏನೂ ಬರದಂತೆ ವಿಭಾಗದವರು ಬಾಗಿಲು ಮುಚ್ಚಬಹುದು. ಎನ್‌ಫೋರ್ಸ್ಡ್ ನಿಯಮ ಆ ಬಾಗಿಲನ್ನೂ ದಾಟಿ ಬರುತ್ತದೆ. ಎರಡು ಮಟ್ಟದವರೂ ಈ ಗುರುತು ಹಾಕಿದ್ದರೆ ಲೆಕ್ಕ ತಲೆಕೆಳಗು: ಮೇಲಿನವರದೇ ಗೆಲುವು. ಈ ಗುರುತನ್ನು ಸಿಕ್ಕಸಿಕ್ಕಲ್ಲಿ ಹಾಕಿಟ್ಟವರ ಜಾಲ ನೋಡಿದರೆ ಆರು ತಿಂಗಳಲ್ಲಿ ಅವರಿಗೇ ಅರ್ಥವಾಗದ ಕಗ್ಗಂಟಾಗಿರುತ್ತದೆ.

ಡೊಮೇನ್ ಖಾತೆಗಳ ಪಾಸ್‌ವರ್ಡ್ ನಿಯಮಕ್ಕೆ ಮಟ್ಟದಿಂದ ಮಟ್ಟಕ್ಕೆ ಇಳಿಯುವ ಈ ಏಣಿ ಅನ್ವಯಿಸುವುದಿಲ್ಲ. ಅದನ್ನು ಡೊಮೇನ್ ಮಟ್ಟದಲ್ಲೇ ಬರೆಯಬೇಕು. ವಿಭಾಗದ ಮಟ್ಟದಲ್ಲಿ ಬರೆದರೆ ಅಲ್ಲಿನ ಕಂಪ್ಯೂಟರುಗಳ ಸ್ಥಳೀಯ ಖಾತೆಗಳಿಗಷ್ಟೇ ತಟ್ಟುತ್ತದೆ. ಬೇರೆ ಬೇರೆ ಗುಂಪಿಗೆ ಬೇರೆ ಪಾಸ್‌ವರ್ಡ್ ನಿಯಮ ಕೊಡುವ ಅನುಕೂಲ ಬಂದದ್ದು ವಿಂಡೋಸ್ ಸರ್ವರ್ 2008ರಲ್ಲಿ, ಅದೂ ಪ್ರತ್ಯೇಕ ದಾರಿಯಿಂದ.

ಇನ್ನು, ಬಳಕೆದಾರ ಯಾಕೆ ಸೋಲುತ್ತಾನೆ? ಅವನ ಸ್ವಂತ ಆಯ್ಕೆಗಳು ರಿಜಿಸ್ಟ್ರಿ ಎಂಬ ವಿಂಡೋಸಿನ ಸೆಟ್ಟಿಂಗ್ ಕಣಜದಲ್ಲಿ ಒಂದು ಕಡೆ ಇರುತ್ತವೆ. ಸಂಸ್ಥೆಯ ನಿಯಮಗಳು 'ಪಾಲಿಸೀಸ್' ಎಂಬ ಬೇರೆ ಶಾಖೆಯಲ್ಲಿ. ಅಲ್ಲಿ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿಯಿಲ್ಲ. ತಂತ್ರಾಂಶ ಎರಡನ್ನೂ ನೋಡಿ, ಪಾಲಿಸೀಸ್‌ನಲ್ಲಿ ಮೌಲ್ಯ ಸಿಕ್ಕರೆ ಅದನ್ನೇ ಹಿಡಿಯುತ್ತದೆ. ನಿಯಮ ತೆಗೆದ ದಿನ ಆ ಮೌಲ್ಯ ಅಳಿದು, ಬಳಕೆದಾರನ ಹಳೆಯ ಆಯ್ಕೆ ಮತ್ತೆ ಮೇಲೆ ಬರುತ್ತದೆ. ಹಿಂದಿನ ವಿಂಡೋಸ್ ಎನ್‌ಟಿ 4.0 ಕಾಲದಲ್ಲಿ ಹೀಗಿರಲಿಲ್ಲ. ನಿಯಮ ಹೋದರೂ ಅದರ ಗುರುತು ಉಳಿದೇ ಬಿಡುತ್ತಿತ್ತು. ಐಟಿಯವರು ಅದನ್ನು ಹಚ್ಚೆ ಎಂದೇ ಕರೆಯುತ್ತಿದ್ದರು.

ಬದಲಾವಣೆ ತಕ್ಷಣ ಕಾಣದಿದ್ದರೆ ಗಾಬರಿ ಬೇಡ. ಸಾಮಾನ್ಯ ಕಂಪ್ಯೂಟರುಗಳು ಸುಮಾರು 90 ನಿಮಿಷಕ್ಕೊಮ್ಮೆ ಹೊಸ ನಿಯಮ ಕೇಳುತ್ತವೆ. ಎಲ್ಲವೂ ಒಟ್ಟಿಗೇ ಸರ್ವರಿಗೆ ಮುತ್ತಿಗೆ ಹಾಕದಿರಲೆಂದು ಅದಕ್ಕೆ 30 ನಿಮಿಷದವರೆಗಿನ ಏರುಪೇರನ್ನೂ ಸೇರಿಸಿದ್ದಾರೆ.

ಈಗ ಏಣಿಯ ಪಕ್ಕ ಇನ್ನೊಂದು ಏಣಿ ಬಂದಿದೆ. ಇಂಟ್ಯೂನ್‌ನಂಥ ಸೇವೆಗಳು ಇಂಟರ್ನೆಟ್ ಮೂಲಕವೇ ನಿಯಮ ಕಳಿಸುತ್ತವೆ. ಒಂದೇ ವಿಷಯಕ್ಕೆ ಎರಡೂ ಕಡೆಯಿಂದ ಆಜ್ಞೆ ಬಂದರೆ ಸಾಮಾನ್ಯವಾಗಿ ಗೆಲ್ಲುವುದು ಹಳೆಯ ಗ್ರೂಪ್ ಪಾಲಿಸಿ. ಇದನ್ನು ತಿರುಗಿಸಲು ವಿಂಡೋಸ್ 10ರ 1803 ಆವೃತ್ತಿಯಲ್ಲಿ ಒಂದು ಸೆಟ್ಟಿಂಗ್ ಕೊಟ್ಟರು. ಆದರೆ ಅದು ಎಲ್ಲದಕ್ಕೂ ಅನ್ವಯಿಸದು. ಹಾಗಾಗಿ ಒಂದು ಏಣಿಯಿಂದ ಇನ್ನೊಂದಕ್ಕೆ ಹೊರಳುತ್ತಿರುವ ಕಂಪನಿಗಳಲ್ಲಿ ಐಟಿಯವರು ನಿಯಮಗಳನ್ನು ಒಂದೊಂದಾಗಿ ಹಿಡಿದು, ಇದನ್ನು ಬರೆದದ್ದು ಯಾರು ಎಂದು ಹುಡುಕುತ್ತಾ ಕೂರಬೇಕಾಗಿದೆ.