ಸಣ್ಣ ಉದ್ದಿಮೆಯ ಜಾಲತಾಣ: ಹೊಸದಾಗಿ ಕಟ್ಟಿಸದೆ ಸುಧಾರಿಸುವ ವಿಧಾನ

ಆಲಮಟ್ಟಿ ಜಲಾಶಯದ ಸಮೀಪ, ರಾಷ್ಟ್ರೀಯ ಹೆದ್ದಾರಿ 50ರ ಮೇಲಿರುವ ನಿಡಗುಂದಿಯಂತಹ ಪಟ್ಟಣಗಳಲ್ಲಿ ಖಾನಾವಳಿ, ವಸತಿಗೃಹ, ಕಡಕ್ ರೊಟ್ಟಿ ತಯಾರಿಕೆ, ಒಣದ್ರಾಕ್ಷಿ ಮಾರಾಟ ಮುಂತಾದ ಸಣ್ಣ ಉದ್ದಿಮೆ ನಡೆಸುವವರಲ್ಲಿ ಕೆಲವರು ಹಿಂದೆಯೇ ಜಾಲತಾಣ ಮಾಡಿಸಿರುತ್ತಾರೆ. ತಾಣ ಹಳೆಯದಾಯಿತೆಂದು ಪೂರ್ಣ ಹೊಸದನ್ನೇ ಕಟ್ಟಿಸಲು ಮುಂಗಡ ಹಣ ಕೊಡುವ ಮೊದಲು, ಇರುವ ತಾಣವನ್ನೇ ಸರಿಪಡಿಸಲು ಸಾಧ್ಯವೇ ಎಂದು ಪರಿಶೀಲಿಸುವುದು ಸೂಕ್ತ. ಅನೇಕ ದೋಷಗಳನ್ನು ಅಲ್ಪ ಖರ್ಚಿನಲ್ಲಿ ನಿವಾರಿಸಬಹುದು. ಉದ್ದಿಮೆದಾರರ ಹಾಗೂ ನೋಂದಣಿಗೆ ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ತಾಣದ ಒಡೆತನ

ಮೊದಲು ನೋಡಬೇಕಾದದ್ದು ತಾಣದ ಅಂದವನ್ನಲ್ಲ, ಅದರ ಒಡೆತನವನ್ನು. ಡೊಮೇನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಯಾವ ದಿನಾಂಕದವರೆಗೆ ಶುಲ್ಕ ಪಾವತಿಯಾಗಿದೆ, ನೋಂದಣಿಯಲ್ಲಿರುವ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಯಾರವು ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ತಾಣ ಮಾಡಿಕೊಟ್ಟವರ ಹೆಸರಿನಲ್ಲಿಯೇ ಡೊಮೇನ್ ಇದ್ದು, ಅವರು ಊರು ಬಿಟ್ಟಿದ್ದಲ್ಲಿ ಅಥವಾ ವ್ಯವಹಾರ ನಿಲ್ಲಿಸಿದ್ದಲ್ಲಿ ನವೀಕರಣದ ಸೂಚನೆ ಮಾಲೀಕರಿಗೆ ತಲುಪುವುದಿಲ್ಲ. ಅವಧಿ ಮೀರಿದ ಹೆಸರನ್ನು ಬೇರೆಯವರು ನೋಂದಾಯಿಸಿಕೊಳ್ಳಬಹುದು. ಆಗ ಫಲಕ, ಬಿಲ್ಲು, ಪೊಟ್ಟಣಗಳ ಮೇಲೆ ಅಚ್ಚಾದ ವಿಳಾಸವು ಪರರ ಪಾಲಾಗುತ್ತದೆ. ಆದ್ದರಿಂದ ಡೊಮೇನ್ ಮತ್ತು ಹೋಸ್ಟಿಂಗ್ ಖಾತೆಗಳನ್ನು ಮಾಲೀಕರ ಹೆಸರಿಗೆ ವರ್ಗಾಯಿಸಿಕೊಂಡು, ಗುಪ್ತಪದವನ್ನು ಬದಲಿಸಿ, ತಾಣದ ಪೂರ್ಣ ಪ್ರತಿಯೊಂದನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು.

2. ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ

ಹಳೆಯ ತಾಣಗಳಲ್ಲಿ ಕಾಲಕ್ಕೆ ತಕ್ಕಂತೆ ಬದಲಾಗದ ವಿವರಗಳು ಉಳಿದಿರುತ್ತವೆ. ಕೆಳಕಂಡವುಗಳನ್ನು ಪರಿಶೀಲಿಸುವುದು:

ಅ) ಬಿಜಾಪುರ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ವಿಜಯಪುರ ಎಂದಾಗಿದೆ.
ಆ) ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ನಿಡಗುಂದಿ ಈಗ ಪ್ರತ್ಯೇಕ ತಾಲ್ಲೂಕು.
ಇ) ಹೆದ್ದಾರಿಯ ಹಳೆಯ ಸಂಖ್ಯೆ 13, ಈಗಿನದು 50.
ಈ) 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಯಲ್ಲಿದೆ. ಹಳೆಯ ವ್ಯಾಟ್ ಸಂಖ್ಯೆಯನ್ನು ತೆಗೆದು, ನೋಂದಾಯಿತರು 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸುವುದು.
ಉ) ಉದ್ಯೋಗ್ ಆಧಾರ್ ಬದಲಿಗೆ 2020ರ ಜುಲೈ 1ರಿಂದ ಉದ್ಯಮ್ ನೋಂದಣಿ ಜಾರಿಗೆ ಬಂದಿದೆ. ಸದರಿ ನೋಂದಣಿಗೆ ಶುಲ್ಕವಿಲ್ಲ.

ಉದ್ದಿಮೆಯ ಹೆಸರು ಮತ್ತು ವಿಳಾಸವು ಜಾಲತಾಣ, ಉದ್ಯಮ್ ಪ್ರಮಾಣಪತ್ರ, ಬ್ಯಾಂಕ್ ಖಾತೆ ಹಾಗೂ ಗೂಗಲ್ ನಕ್ಷೆಗಳಲ್ಲಿ ಒಂದೇ ರೀತಿ ಇರಬೇಕು. ನಾಲ್ಕು ಕಡೆ ನಾಲ್ಕು ಬಗೆ ಇದ್ದಲ್ಲಿ ಗ್ರಾಹಕರಿಗೂ ಸಾಲದ ಅರ್ಜಿ ಪರಿಶೀಲಿಸುವವರಿಗೂ ಇದು ಅದೇ ಉದ್ದಿಮೆಯೇ ಎಂಬ ಸಂದೇಹ ಬರುತ್ತದೆ.

3. ಕನ್ನಡ ಅಕ್ಷರಗಳು

ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಕನ್ನಡ ಪುಟಗಳನ್ನು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಲಾಗುತ್ತಿತ್ತು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಪುಟವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. 'ನಿಡಗುಂದಿ ಖಾನಾವಳಿ' ಎಂದು ಹುಡುಕಿದವರಿಗೆ ಅಂತಹ ಪುಟ ಸಿಗುವುದಿಲ್ಲ. ಏಕೆಂದರೆ ಹುಡುಕುಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇರುವುದಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಸ್ಥಾನಗಳಿವೆ. ಹಳೆಯ ಪಠ್ಯವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿನಿಂದ ಓದಿ ತಿದ್ದತಕ್ಕದ್ದು. ಚಿತ್ರರೂಪದಲ್ಲಿ ಹಾಕಿದ ಬೆಲೆಪಟ್ಟಿಯನ್ನು ಅಕ್ಷರರೂಪದಲ್ಲಿ ಮರುಬೆರಳಚ್ಚು ಮಾಡುವುದು. ಇದಕ್ಕೆ ತಾಣದ ವಿನ್ಯಾಸ ಬದಲಿಸುವ ಅಗತ್ಯವಿಲ್ಲ.

4. ಮೊಬೈಲಿನಲ್ಲಿ ತೆರೆಯುವ ವೇಗ

ಕ್ಯಾಮೆರಾದಿಂದ ನೇರವಾಗಿ ಹಾಕಿದ 4 ಎಂಬಿ ಗಾತ್ರದ ಭಾವಚಿತ್ರವು ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ತೆರೆಯಲು ಸುಮಾರು 32 ಸೆಕೆಂಡು ಬೇಕು. ಅದೇ ಚಿತ್ರವನ್ನು 200 ಕೆಬಿಗೆ ಇಳಿಸಿದರೆ 2 ಸೆಕೆಂಡಿನೊಳಗೆ ತೆರೆಯುತ್ತದೆ. ಹೆದ್ದಾರಿಯಲ್ಲಿ ಸಾಗುತ್ತಾ ಊಟದ ಸ್ಥಳ ಹುಡುಕುವ ಪ್ರಯಾಣಿಕರು ಅರ್ಧ ನಿಮಿಷ ಕಾಯುವುದಿಲ್ಲ. ಪುಟದ ಅಗಲವು ಮೊಬೈಲ್ ಪರದೆಗೆ ಹೊಂದಿಕೊಳ್ಳುವಂತೆ ಸೂಚನಾ ಸಾಲನ್ನು ಸೇರಿಸಿಸುವುದು. ಅಗಲವಾದ ಕೋಷ್ಟಕಗಳನ್ನು ಸಾಲುಗಳಾಗಿ ಒಡೆಯುವುದು. ದೂರವಾಣಿ ಸಂಖ್ಯೆಯನ್ನು ಮುಖಪುಟದ ಮೇಲ್ಭಾಗದಲ್ಲಿಟ್ಟು, ಒತ್ತಿದೊಡನೆ ಕರೆ ಹೋಗುವಂತೆ ಮಾಡಿಸುವುದು.

5. ಸುರಕ್ಷತೆ

2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದ ತಾಣಗಳನ್ನು 'ಸುರಕ್ಷಿತವಲ್ಲ' ಎಂದು ಗುರುತಿಸತೊಡಗಿತು. ಈ ಸೂಚನೆ ಕಂಡ ಗ್ರಾಹಕರು ಮುಂಗಡ ಹಣ ಕಳುಹಿಸಲು ಹಿಂಜರಿಯುವುದು ಸಹಜ. ಇದಕ್ಕೆ ಬೇಕಾದ ಪ್ರಮಾಣಪತ್ರವು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತವಾಗಿ ದೊರೆಯುತ್ತದೆ. ಅದು ತಾನಾಗಿ ನವೀಕರಣವಾಗುವಂತೆ ಹೋಸ್ಟಿಂಗ್ ನೀಡುವವರನ್ನು ಕೋರುವುದು. ಅಡೋಬ್ ಫ್ಲ್ಯಾಷ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿದ್ದು, ಅದರಲ್ಲಿ ಮಾಡಿದ ಚಲಿಸುವ ಚಿತ್ರಗಳು ಈಗ ಖಾಲಿ ಜಾಗವಾಗಿ ಕಾಣುತ್ತವೆ, ಅವುಗಳನ್ನು ತೆಗೆಯುವುದು.

6. ಗ್ರಾಹಕರಿಗೆ ನೀಡಬೇಕಾದ ಮಾಹಿತಿ

ಏನು ದೊರೆಯುತ್ತದೆ, ಬೆಲೆ ಎಷ್ಟು, ಯಾವ ವೇಳೆ, ಎಲ್ಲಿ, ಹಣ ಪಾವತಿ ಹೇಗೆ ಎಂಬ ಐದು ಪ್ರಶ್ನೆಗಳಿಗೆ ಮುಖಪುಟದಲ್ಲಿಯೇ ಉತ್ತರವಿರಬೇಕು. ಸಂಸ್ಥಾಪಕರ ಸಂದೇಶ, ಸಂದರ್ಶಕರ ಎಣಿಕೆ ಮುಂತಾದವು ಅನಂತರ ಬರಬಹುದು. ತಾಣದ ಮೂಲಕವೇ ಮಾರಾಟ ಮಾಡುವವರಿಗೆ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಅನ್ವಯಿಸುತ್ತವೆ. ಅದರಂತೆ ಉದ್ದಿಮೆಯ ಕಾನೂನುಬದ್ಧ ಹೆಸರು, ವಿಳಾಸ ಹಾಗೂ ಕುಂದುಕೊರತೆ ಅಧಿಕಾರಿಯ ವಿವರ ಪ್ರಕಟಿಸಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

7. ಕೆಲಸದ ಕ್ರಮ

ಎಲ್ಲವನ್ನೂ ಒಮ್ಮೆಲೇ ಬದಲಿಸಬಾರದು. ಒಂದೊಂದಾಗಿ ಬದಲಿಸಿ, ಪ್ರತಿ ಬಾರಿಯೂ ಸಾಮಾನ್ಯ ಮೊಬೈಲೊಂದರಲ್ಲಿ ತೆರೆದು ನೋಡುವುದು. ಹಿಂದಿನ ಪುಟಗಳ ವಿಳಾಸವನ್ನು ಆದಷ್ಟು ಹಾಗೆಯೇ ಉಳಿಸುವುದು; ಬದಲಿಸಲೇಬೇಕಾದಲ್ಲಿ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಕಲ್ಪಿಸುವುದು. ಸುಧಾರಣೆಗೆ ಮೊದಲಿನ ಒಂದು ತಿಂಗಳು ಮತ್ತು ಅನಂತರದ ಒಂದು ತಿಂಗಳು ತಾಣ ನೋಡಿ ಬಂದ ಕರೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರೆ ಖರ್ಚು ಮಾಡಿದ ಹಣಕ್ಕೆ ಫಲ ದೊರೆಯಿತೇ ಎಂಬುದು ಲೆಕ್ಕದಲ್ಲಿಯೇ ತಿಳಿಯುತ್ತದೆ.

ಹೊಸದಾಗಿ ಕಟ್ಟಿಸುವುದು ಯಾವಾಗ ಅನಿವಾರ್ಯ?

ತಾಣದೊಳಗೆ ಪ್ರವೇಶವೇ ಸಾಧ್ಯವಿಲ್ಲದಿದ್ದಲ್ಲಿ, ಅದನ್ನು ನಡೆಸುವ ತಂತ್ರಾಂಶಕ್ಕೆ ಸುರಕ್ಷತಾ ನವೀಕರಣ ನಿಂತುಹೋಗಿದ್ದಲ್ಲಿ ಅಥವಾ ದುಷ್ಕರ್ಮಿಗಳು ಪದೇ ಪದೇ ತಾಣದೊಳಗೆ ನುಸುಳುತ್ತಿದ್ದಲ್ಲಿ ಹೊಸ ತಾಣವೇ ಮೇಲು. ಆಗಲೂ ಡೊಮೇನ್ ಹೆಸರು ಹಳೆಯದೇ ಇರಲಿ. ಖಾತೆಗಳು ಮಾಲೀಕರ ಹೆಸರಿನಲ್ಲಿರತಕ್ಕದ್ದು ಎಂಬ ಷರತ್ತನ್ನು ಲಿಖಿತವಾಗಿ ಪಡೆದ ನಂತರವೇ ಮುಂಗಡ ಪಾವತಿಸುವುದು.

ಉದ್ದಿಮೆ ನೋಂದಣಿಗೆ ಸಂಬಂಧಿಸಿದ ಮಾರ್ಗದರ್ಶನಕ್ಕಾಗಿ ವಿಜಯಪುರದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.