ಇಪ್ಪತ್ಮೂರು ಚಾ ಅಂಗಡಿ, ಐವತ್ತು ಮಾರ್ಕು

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದು ಮೂರು ದಿನವಾಗಿತ್ತು. ಚಿಟಗುಪ್ಪದಲ್ಲಿ ರಜೆ ಕಳೆಯುವುದೆಂದರೆ ಎರಡೇ ಕೆಲಸ. ಒಂದು, ಮನೆಯಲ್ಲಿ ಅವ್ವನ ಕಡೆಯಿಂದ ಬೈಸಿಕೊಳ್ಳುವುದು. ಇನ್ನೊಂದು, ಹೊರಗೆ ಹೋಗಿ ಚಾ ಕುಡಿಯುವುದು. ಮೊದಲನೆಯದು ಬೆಳಿಗ್ಗೆಯೇ ಮುಗಿದಿದ್ದರಿಂದ ನಾವು ಮೂವರು ಗೆಳೆಯರು ಎರಡನೆಯದರಲ್ಲಿ ತೊಡಗಿದ್ದೆವು. ನಾನು ಮೆಕ್ಯಾನಿಕಲ್, ಒಬ್ಬ ಸಿವಿಲ್, ಮತ್ತೊಬ್ಬ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವವನು.

ಸಿವಿಲ್‌ನವ ಮೊಬೈಲ್ ನೋಡುತ್ತ, ‘ಇಂಗ್ಲೆಂಡಿನಾಗ ಮಂದಿ ಊರ ಹೊರಗಿನ ಬಡಾವಣಿ ಬಡಾವಣಿ ತಿರುಗಿ ಪಬ್ಬಿಗೆ ಮಾರ್ಕು ಹಾಕತಾರಂತ’ ಎಂದ. ನಮಗೆ ಪಬ್ ಅಂದರೆ ಬೆಂಗಳೂರಿನ ಕಣ್ಣು ಕುಕ್ಕುವ ದೀಪ, ಕಿವಿಗಡಚಿಕ್ಕುವ ಸಂಗೀತ. ಆದರೆ ಅಲ್ಲಿ ಪಬ್ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ. ಅಂದರೆ ಸಾರ್ವಜನಿಕರ ಮನೆ. ಸಂಜೆ ಓಣಿಯ ಜನ ಸೇರಿ ಸುದ್ದಿ ಹೇಳುವ ಜಾಗ. ಒಳ್ಳೆಯ ಸಾಂಪ್ರದಾಯಿಕ ಬಿಯರ್ ಉಳಿಯಬೇಕೆಂದು 1971ರಲ್ಲಿ ಅಲ್ಲಿ ‘ಕಾಮ್ರಾ’ ಎಂಬ ಗ್ರಾಹಕರ ಸಂಘಟನೆಯೇ ಹುಟ್ಟಿತು. ಅದರ ಸದಸ್ಯರು ಪಬ್ಬಿಗೆ ಹೋಗಿ ಕುಡಿದು 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಉತ್ತಮ ಪಬ್ಬುಗಳ ಕೈಪಿಡಿಯನ್ನು 1974ರಿಂದ ಪ್ರಕಟಿಸುತ್ತ ಬಂದಿದ್ದಾರೆ.

‘ಅವರು ಬಿಯರಿಗೆ ಹಾಕಿದರ ನಾವು ಚಾಕ್ಕ ಹಾಕೋಣು’ ಎಂದ ಡಿಪ್ಲೊಮಾದವ. ಹೀಗೆ ಶುರುವಾಯಿತು ನಮ್ಮ ರಜೆಯ ಪ್ರಾಜೆಕ್ಟು. ಕಾಲೇಜಿನ ಪ್ರಾಜೆಕ್ಟಿಗೂ ಇಷ್ಟು ಶ್ರದ್ಧೆ ತೋರಿಸಿರಲಿಲ್ಲ ಎಂದು ಈಗಲೇ ಒಪ್ಪಿಕೊಳ್ಳುತ್ತೇನೆ.

ನಿಯಮಾವಳಿ

ರುಚಿಗೆ 10, ಬಿಸಿಗೆ 10, ಸ್ವಚ್ಛತೆಗೆ 10, ಕೂಡುವ ಜಾಗಕ್ಕೆ 10, ಕೊಟ್ಟ ರೊಕ್ಕಕ್ಕೆ ತಕ್ಕ ಅಳತೆಗೆ 10. ಒಟ್ಟು 50. ಮೂವರೂ ಒಬ್ಬರದೊಬ್ಬರು ನೋಡದಂತೆ ಅಂಕ ಬರೆದು ಸರಾಸರಿ ತೆಗೆಯಬೇಕು. ಅಂಗಡಿಯವರಿಗೆ ಗೊತ್ತಾಗಬಾರದು. ಸಿವಿಲ್‌ನವ ಎಲ್ಲಿಂದಲೋ ಒಂದು ಥರ್ಮಾಮೀಟರ್ ಬೇರೆ ತಂದಿದ್ದ. ಅದನ್ನು ಕಪ್ಪಿನಲ್ಲಿ ಅದ್ದಿದಾಗ ಹುಮನಾಬಾದಿನ ಒಬ್ಬ ಚಾಚಾ, ‘ಯಾಕ್ರೀ, ಚಾಕ್ಕ ಜ್ವರ ಬಂದದೇನು?’ ಎಂದು ಕೇಳಿದ ಮೇಲೆ ಗುಟ್ಟು ಉಳಿಯಲಿಲ್ಲ. ಥರ್ಮಾಮೀಟರ್ ಅವತ್ತೇ ಚೀಲ ಸೇರಿತು.

ಚಿಟಗುಪ್ಪದಿಂದ ಆರಂಭಿಸಿ ಮನ್ನಾಎಖೇಳಿ, ಹುಮನಾಬಾದ್, ಬಸವಕಲ್ಯಾಣ ಎಲ್ಲ ಸುತ್ತಿದೆವು. ಹೈದರಾಬಾದ್–ಪುಣೆ ಹೆದ್ದಾರಿ 65ರ ಧಾಬಾಗಳು, 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಕಳೆ ಬಂದಿರುವ ಹುಮನಾಬಾದ್ ಸ್ಟೇಷನ್ ಕಡೆಯ ಗಾಡಿಗಳು, ಮಾಣಿಕನಗರದ ದಾರಿ, ಲಾರಿಗಳು ಸಾಲುಗಟ್ಟುವ ಸಸ್ತಾಪುರ ಬಂಗ್ಲಾ, ಬಸವಕಲ್ಯಾಣದ ಕೋಟೆಯ ಆಸುಪಾಸು. ಹದಿನೆಂಟು ದಿನ, ಇಪ್ಪತ್ಮೂರು ಅಂಗಡಿ. ಬಸ್ಸಿನಲ್ಲಿ ಅರ್ಧ, ಡಿಪ್ಲೊಮಾದವನ ಅಪ್ಪನ ಬೈಕಿನಲ್ಲಿ ಅರ್ಧ.

ತಿರುಗಿದ್ದರಿಂದ ಒಂದು ವಿಷಯ ತಿಳಿಯಿತು. ನಮ್ಮ ಭಾಗದಲ್ಲಿ ಚಾ ಒಂದೇ ಅಲ್ಲ. ಇಲ್ಲಿ ಹೈದರಾಬಾದಿನ ಗಾಳಿ ಇನ್ನೂ ಬೀಸುತ್ತದೆ. 1948ರವರೆಗೆ ನಿಜಾಮರ ಆಳ್ವಿಕೆ ಇತ್ತು, 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ನಾಲಿಗೆ ಬದಲಾಗಲಿಲ್ಲ. ಇರಾನಿ ಚಾ ಕೊಡುವ ಅಂಗಡಿಗಳಲ್ಲಿ ಚಾಪುಡಿಯ ಡಿಕಾಕ್ಷನ್ ಮುಚ್ಚಿದ ಪಾತ್ರೆಯಲ್ಲಿ ಬೇರೆ, ಹಾಲು ಕಾಯುತ್ತ ಗಟ್ಟಿಯಾಗುವುದು ಬೇರೆ. ಕಪ್ಪಿನಲ್ಲಿ ಮಾತ್ರ ಅವೆರಡರ ಭೇಟಿ. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಅದಕ್ಕೆ ಆ ಹೆಸರು ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಂದ ಬಂತೆಂದು ಹೇಳುತ್ತಾರೆ. ಉಳಿದ ಅಂಗಡಿಗಳಲ್ಲಿ ಹಾಲು, ನೀರು, ಸಕ್ಕರೆ, ಪುಡಿ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಆ ಪುಡಿ ಕಾಳು ಕಾಳಾಗಿರುವುದಕ್ಕೆ ಕಾರಣ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಸಿಟಿಸಿ ವಿಧಾನ. ಎಲೆಯನ್ನು ಹಲ್ಲುಗಳಿರುವ ರೋಲರುಗಳ ನಡುವೆ ಅರೆದು, ಹರಿದು, ಸುರುಳಿ ಮಾಡುತ್ತಾರೆ. ಕಾಳು ಸಣ್ಣದಾದಷ್ಟೂ ನೀರಿಗೆ ತಾಗುವ ಮೇಲ್ಮೈ ಹೆಚ್ಚು, ಬಣ್ಣ–ಕಡಕು ಬಿಡುವುದು ಬೇಗ. ಎರಡನೇ ಸೆಮಿಸ್ಟರಿನಲ್ಲಿ ತಲೆಗೆ ಹತ್ತದ ಪಾಠ ಚಾ ಅಂಗಡಿಯ ಒಲೆಯ ಮುಂದೆ ಹತ್ತಿತು.

ಸಕ್ಕರೆ ವಿಷಯಕ್ಕೆ ಒಬ್ಬರನ್ನು ನೆನೆಯಬೇಕು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್. 1946ರ ಜನವರಿಯಲ್ಲಿ ಅವರು ಲಂಡನ್ನಿನ ಪತ್ರಿಕೆಯೊಂದರಲ್ಲಿ ಒಳ್ಳೆಯ ಚಾ ಮಾಡಲು ಹನ್ನೊಂದು ನಿಯಮ ಬರೆದರು. ಸಕ್ಕರೆ ಹಾಕಲೇಬಾರದು ಎಂಬುದು ಅದರಲ್ಲೊಂದು. ಮರು ತಿಂಗಳೇ ಅದೇ ಪತ್ರಿಕೆಯಲ್ಲಿ ತಮ್ಮ ಮೆಚ್ಚಿನ ಪಬ್ಬಿನ ಹತ್ತು ಗುಣಗಳನ್ನು ಹೇಳಿ, ಕೊನೆಗೆ ಅಂಥ ಪಬ್ಬು ಎಲ್ಲೂ ಇಲ್ಲ ಎಂದುಬಿಟ್ಟರು. ಚಮಚ ನಿಲ್ಲುವಷ್ಟು ಸಕ್ಕರೆ ಸುರಿಯುವ ನಮ್ಮ ಕಡೆಯ ಚಾ ಕುಡಿದಿದ್ದರೆ ಅವರು ನಮ್ಮೆಲ್ಲ ಅಂಗಡಿಗೂ ಸೊನ್ನೆ ಕೊಡುತ್ತಿದ್ದರೇನೋ. ಆದರೆ ಪಬ್ಬಿನಲ್ಲಿ ಕುಡಿಯುವ ಪದಾರ್ಥಕ್ಕಿಂತ ಅಲ್ಲಿಯ ವಾತಾವರಣ ಮುಖ್ಯ ಎಂದು ಅವರು ಬರೆದದ್ದನ್ನು ನಾವು ಆಗಲೇ ಗಮನಿಸಬೇಕಿತ್ತು.

ರಿಸಲ್ಟ್ ಬಂತು

ಹತ್ತೊಂಬತ್ತನೇ ದಿನ ರಾತ್ರಿ ಪಟ್ಟಿ ತಯಾರಾಯಿತು. ಸಸ್ತಾಪುರ ಬಂಗ್ಲಾ ಕಡೆಯ ಒಂದು ಅಂಗಡಿಗೆ 50ಕ್ಕೆ 41, ಪ್ರಥಮ ಸ್ಥಾನ. ಕೊನೆಯ ಸ್ಥಾನ ನಮ್ಮೂರಿನದೇ. ಬಸ್ಸು ನಿಲ್ಲುವ ಜಾಗದ ಎದುರಿನ ಕಾಕಾನ ಅಂಗಡಿಗೆ 17. ಚಾ ಉಗುರು ಬೆಚ್ಚಗೆ, ಬಸಿಯ ಅಂಚು ಒಡೆದಿದೆ, ಬೆಂಚು ಅಲುಗಾಡುತ್ತದೆ ಎಂದು ಷರಾ ಕೂಡ ಬರೆದೆವು. ಬಣ್ಣ ಬಣ್ಣದ ಪಟ್ಟಿ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆವು. ಬೆಳಗಾಗುವಷ್ಟರಲ್ಲಿ ಅದು ಊರೆಲ್ಲ ಸುತ್ತಿ ನನ್ನ ಸೋದರಮಾವನ ಮೊಬೈಲಿನಿಂದ ನನಗೇ ಫಾರ್ವರ್ಡ್ ಆಗಿ ಬಂತು. ಹೆಮ್ಮೆಯೆನಿಸಿತು.

ಹೆಮ್ಮೆ ಮಧ್ಯಾಹ್ನದವರೆಗೆ ಇತ್ತು. ಆಗ ನಮ್ಮ ಕ್ಲಾಸಿನ ಹುಡುಗಿಯೊಬ್ಬಳ ಮೆಸೇಜು ಬಂತು. ‘ಪಟ್ಟಿ ಚೆನ್ನಾಗಿದೆ. ಈ ಇಪ್ಪತ್ಮೂರರಲ್ಲಿ ನಾನು, ನನ್ನ ತಂಗಿ ಹೋಗಿ ಕೂತು ಚಾ ಕುಡಿಯಬಹುದಾದ ಅಂಗಡಿ ಎಷ್ಟು?’ ಮೂವರೂ ಕೂತು ಎಣಿಸಿದೆವು. ನಾಲ್ಕು. ಅವೂ ಹೆದ್ದಾರಿಯ ಮೇಲಿನ ಫ್ಯಾಮಿಲಿ ಧಾಬಾಗಳು. 41 ಅಂಕದ ಅಂಗಡಿ ಆ ನಾಲ್ಕರಲ್ಲಿ ಇರಲಿಲ್ಲ. ‘ಸಾರ್ವಜನಿಕರ ಮನೆ’ ಎಂದು ನಾವು ಬೀಗುತ್ತಿದ್ದೆವಲ್ಲ, ಆ ಸಾರ್ವಜನಿಕರಲ್ಲಿ ಅರ್ಧ ಜನ ಇಲ್ಲ ಎಂಬುದು ಹದಿನೆಂಟು ದಿನ ತಿರುಗಿದ ಮೂರು ಜೊತೆ ಕಣ್ಣಿಗೆ ಬಿದ್ದಿರಲಿಲ್ಲ. ಕೂಡುವ ಜಾಗಕ್ಕೆ 10ಕ್ಕೆ 9 ಕೊಟ್ಟಿದ್ದೆವು. ಯಾರು ಕೂಡುವ ಜಾಗ ಎಂದು ಕೇಳಿಕೊಂಡಿರಲಿಲ್ಲ.

ಕಾಕಾನ ಲೆಕ್ಕ

ಸಂಜೆ ಬಸ್ಸಿನ ಹತ್ತಿರ ಹೋಗುತ್ತಿದ್ದೆ. ‘ತಮ್ಮಾ, ಬಾ ಇಲ್ಲಿ. ಕುಂದ್ರು’ ಎಂದು ಕಾಕಾ ಕರೆದರು. ಕಾಲು ನೆಲಕ್ಕೆ ಅಂಟಿದಂತಾಯಿತು. ಹೋಗಿ ಅಲುಗಾಡುವ ಬೆಂಚಿನ ಮೇಲೆ ಕುಳಿತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

‘ಮುಂಜಾನಿ ಇಬ್ಬರು ಹುಡುಗರು ಬಂದಿದ್ದರು. ಹದಿನೇಳು ಮಾರ್ಕಿನ ಚಾ ಕೊಡ್ರಿ ಅಂತ ಕೇಳಿ ನಕ್ಕೋತ ಹೋದರು. ಯಾನ್ ಅದು?’

ನಾನು ಹೇಳಿದೆ. ತಡವರಿಸುತ್ತ, ಅರ್ಧ ಸುಳ್ಳು ಸೇರಿಸಿ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಲೇ ಕಪ್ಪು ಜೋಡಿಸುತ್ತಿದ್ದರು. ಅಷ್ಟರಲ್ಲಿ ಬಸ್ಸು ಬಂತು. ಡ್ರೈವರ್, ಕಂಡಕ್ಟರ್, ಹಿಂದೆ ಐದಾರು ಮಂದಿ ಇಳಿದು ಓಡಿ ಬಂದರು. ಕಾಕಾ ಕುದಿಯುವ ಚಾ ಸೋಸಿ, ಒಂದು ಮಗ್ಗಿನಿಂದ ಇನ್ನೊಂದಕ್ಕೆ ಎತ್ತರದಿಂದ ನಾಲ್ಕು ಸಲ ಸುರಿದು, ಆರಿಸಿ ಕಪ್ಪಿಗೆ ಹಾಕಿದರು. ಎಲ್ಲರೂ ನಾಲ್ಕು ಗುಟುಕಿನಲ್ಲಿ ಮುಗಿಸಿ, ರೊಕ್ಕ ಇಟ್ಟು ಬಸ್ಸು ಹತ್ತಿದರು. ಬಸ್ಸು ಹೊರಟಿತು. ಒಂದು ಕಪ್ಪಿನಲ್ಲೂ ಚಾ ಉಳಿದಿರಲಿಲ್ಲ.

‘ನೋಡಿದಿ? ಬಸ್ಸು ಐದು ನಿಮಿಷ ನಿಂದರತದ. ಸುಡಾ ಸುಡಾ ಕೊಟ್ಟರ ಅರ್ಧ ಕುಡದು ಇಟ್ಟು ಓಡತಾರ. ರೊಕ್ಕ ಕೊಟ್ಟವರ ಹೊಟ್ಟಿಗಿ ಚಾ ಹೋಗಬೇಕೋ ಬ್ಯಾಡೋ?’

ಒಂದು ವಸ್ತುವನ್ನು ಪರೀಕ್ಷೆ ಮಾಡುವ ಮುನ್ನ ಅದನ್ನು ಯಾವ ಉದ್ದೇಶಕ್ಕೆ ಮಾಡಿದ್ದಾರೆಂದು ತಿಳಿಯಬೇಕು ಎಂದು ನಮಗೆ ಮೊದಲ ವರ್ಷವೇ ಪಾಠ ಮಾಡುತ್ತಾರೆ. ನಾವು ದೋಷ ಎಂದು ಬರೆದದ್ದು ಅವರ ಡಿಸೈನ್ ಆಗಿತ್ತು. ಬಿಸಿಗೆ ನಾವು ಕೊಟ್ಟಿದ್ದು 2.

ಕಾಕಾ ಮುಂದೆ ಹೇಳಿದರು: ‘ಬೆಂಚು ಅಲುಗಾಡತದ ಅಂತ ಬರದೀರಿ. ಖರೇ ಅದ. ಇದೇ ಬೆಂಚಿನ ಮ್ಯಾಲ ಕುಂತು ನಿಮ್ಮಣ್ಣ ಎರಡು ವರ್ಷ ಪೇಪರ್ ಓದ್ಯಾನ. ಅವಾ ಒಂದಿನ ಅಲುಗಾಡತದ ಅಂದಿಲ್ಲ.’

ನನ್ನಣ್ಣ ಡಿಗ್ರಿ ಮುಗಿಸಿ ಎರಡು ವರ್ಷ ಸರ್ಕಾರಿ ನೌಕರಿಗೆ ಓದಿದ. ಅವನ ಗುಂಪಿನ ಲೈಬ್ರರಿ ಎಂದರೆ ಈ ಅಂಗಡಿ. ದಿನಪತ್ರಿಕೆ ಇಲ್ಲಿ ಪುಕ್ಕಟೆ. ಕೆಪಿಎಸ್‌ಸಿ ಅಧಿಸೂಚನೆ ಬಂತೇ, ಅರ್ಜಿಗೆ ಕೊನೆಯ ದಿನ ಯಾವಾಗ, 371(ಜೆ) ಪ್ರಮಾಣಪತ್ರಕ್ಕೆ ಏನೇನು ಕಾಗದ ಬೇಕು, ಎಲ್ಲ ಚರ್ಚೆಯೂ ಈ ಬೆಂಚಿನ ಮೇಲೆ. ಒಂದು ಚಾ ತಗೊಂಡು ಮೂರು ತಾಸು ಕೂತರೂ ಯಾರೂ ಏಳು ಎನ್ನುತ್ತಿರಲಿಲ್ಲ. ಅಣ್ಣನಿಗೆ ನೌಕರಿ ಸಿಗಲಿಲ್ಲ. ಈಗ ಹೈದರಾಬಾದಿನಲ್ಲಿ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ.

‘ಅಣ್ಣಂದು ಉದ್ರಿ ಇತ್ತೇನ್ರೀ ಕಾಕಾ?’ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಂಪು ಬಟ್ಟೆಯ ಹಳೇ ವಹಿ ತೆಗೆದರು. 640 ರೂಪಾಯಿ. ನಾಲ್ಕು ವರ್ಷದ ಹಿಂದಿನದು.

ನಾನು ಜೇಬಿಗೆ ಕೈ ಹಾಕಿದೆ. ‘ಬ್ಯಾಡ’ ಎಂದರು. ‘ನೌಕರಿ ಸಿಕ್ಕಿದ್ದರ ತಾನ ಬಂದು ಕೊಟ್ಟು ಪೇಢೆ ತಿನಿಸಿ ಹೋಗತಿದ್ದ. ಸಿಗಲಿಲ್ಲ, ಬರಲಿಕ್ಕ ನಾಚಕೊಂಡಾನ. ರೊಕ್ಕದ ಮಾತಲ್ಲ, ಒಮ್ಮಿ ಬಂದು ಕುಂತು ಹೋಗಂತ ಹೇಳು.’

ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅಣ್ಣ ಬಸ್ಸಿಳಿದು ಹಿಂದಿನ ಓಣಿಯಿಂದ ಸುತ್ತಿ ಮನೆಗೆ ಬರುವುದು ಯಾಕೆಂದು ನನಗೆ ಆಗ ತಿಳಿಯಿತು. ಆ ದಾರಿ ದೂರ. ಲಗೇಜು ಹೊತ್ತುಕೊಂಡು ಯಾಕೆ ಆ ಕಡೆಯಿಂದ ಬರುತ್ತಿ ಎಂದು ಎಷ್ಟೋ ಸಲ ನಕ್ಕಿದ್ದೆ.

ಮಾರ್ಕು ಹಾಕಿಸಿಕೊಂಡವರು

ಅಂಗಡಿಯಿಂದ ಎದ್ದು ಬರುವಾಗ ನನಗೆ ನೆನಪಾದದ್ದು ನಮ್ಮ ಕಾಲೇಜಿನ ಒಂದು ಬೆಳಿಗ್ಗೆ. ಇಂಟರ್ನ್‌ಶಿಪ್‌ಗೆ ಆಯ್ಕೆ ಮಾಡಲು ಒಂದು ಕಂಪನಿ ಬಂದಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಿನಲ್ಲಿ ನಿಂತಿದ್ದೆವು. ಒಬ್ಬರು ಬಂದು ಸಿಜಿಪಿಎ 7ಕ್ಕಿಂತ ಕಡಿಮೆ ಇರುವವರು ಹೋಗಬಹುದು ಎಂದರು. ನನ್ನದು 6.8. ಒಂದು ಪ್ರಶ್ನೆಯನ್ನೂ ಕೇಳದೆ ಕಳಿಸಿದರಲ್ಲ, ಎರಡು ದಶಾಂಶದಲ್ಲಿ ನಾನೆಂಥವನೆಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೂಗಾಡಿದ್ದೆ. ಅದೇ ನಾನು ಕಾಕಾನನ್ನು 17ರಲ್ಲಿ ಮುಗಿಸಿದ್ದೆ.

ಮಾರ್ಕು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಪ್ಪು ತೊಳೆಯುವ ನೀರು ಕೊಳಕಾಗಿದ್ದರೆ ಅದನ್ನು ಹೇಳಲೇಬೇಕು, ಸೇತುವೆ ಭಾರ ತಡೆಯುತ್ತದೋ ಇಲ್ಲವೋ ಎಂಬುದನ್ನು ಅಂಕಿಯಲ್ಲೇ ಹೇಳಬೇಕು. ಆದರೆ ಏನನ್ನು ಅಳೆಯುತ್ತಿದ್ದೇವೆ ಎಂದು ತಿಳಿಯದೆ ಕೂಡಿಸಿದ ಮೊತ್ತ ಬರೀ ಮೊತ್ತ. ಹನ್ನೆರಡನೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು ಸಮನಾಗಿ ಕೂತು ಮಾತಾಡಿದರೆಂದು ಓದಿ ಪರೀಕ್ಷೆಯಲ್ಲಿ ಅಂಕ ಗಳಿಸಿದವರು ನಾವು. ಆಗ ಚಾ ಇದ್ದಿದ್ದರೆ ಚಾ ಮಾಡುವವರೂ ಅಲ್ಲಿ ಇರುತ್ತಿದ್ದರು.

ಮೂವರೂ ಸೇರಿ ಸ್ಟೇಟಸ್ ತೆಗೆದೆವು. ಹರಡಿದ್ದನ್ನು ತೆಗೆಯಲು ಆಗುವುದಿಲ್ಲ ಎಂಬುದೂ ಗೊತ್ತಾಯಿತು. ಆದ್ದರಿಂದ ಮರುದಿನ ಹೊಸ ಪಟ್ಟಿ ಮಾಡಿದೆವು. ಅದರಲ್ಲಿ ಮೊತ್ತವಿಲ್ಲ, ಸ್ಥಾನವಿಲ್ಲ. ಒಂದು ಅಂಗಡಿಗೆ ಒಂದು ಸಾಲು, ಯಾರು ಯಾವಾಗ ಹೋಗಬೇಕೆಂದು. ಸ್ವಚ್ಛತೆ ಇಲ್ಲದಲ್ಲಿ ಇಲ್ಲ ಎಂದೇ ಬರೆದೆವು, ಆದರೆ ಮೊದಲು ಅಂಗಡಿಯವರಿಗೇ ಹೇಳಿದೆವು. ಇಬ್ಬರು ಬೈದರು. ಒಬ್ಬರು ಮರುದಿನವೇ ಹೊಸ ಬಕೆಟ್ ತಂದರು.

ಅವತ್ತು ರಾತ್ರಿ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಕಾಲ್ ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಕೇಳಿದ, ‘ಆ ಬೆಂಚು ಇನ್ನಾ ಅದೇನಲೇ?’ ಅದ ಎಂದೆ. ‘ರೊಕ್ಕ ನೀ ಕೊಡಬ್ಯಾಡ. ಯುಗಾದಿಗೆ ಬರತೀನಿ.’

ಸಿವಿಲ್‌ನವನೂ ನಾನೂ ಸೇರಿ ಮರುದಿನ ಬೆಂಚಿನ ಕಾಲಿಗೆ ಒಂದು ಕಟ್ಟಿಗೆಯ ತುಂಡು ಸೇರಿಸಿ ಮೊಳೆ ಹೊಡೆದೆವು. ಈಗಲೂ ಸ್ವಲ್ಪ ಅಲುಗಾಡುತ್ತದೆ. ಕಾಕಾ ನೋಡಿ, ‘ಇಂಜಿನಿಯರ್ ಆಗಲಿಕ್ಕ ಇನ್ನಾ ಟೈಮ್ ಅದ’ ಎಂದರು. ಎಷ್ಟು ಮಾರ್ಕು ಎಂದು ನಾವು ಕೇಳಲಿಲ್ಲ.

ನಮ್ಮ ಹೊಸ ಪಟ್ಟಿಯಿಂದ

• ಹುಮನಾಬಾದ್, ಚಾಚಾನ ಇರಾನಿ ಚಾ: ಬೇಗ ಹೋಗಬೇಕೆನ್ನುವವರು ಹೋಗಬೇಡಿ. ಜೊತೆಗೆ ಬಿಸ್ಕತ್ತು ತಗೊಳ್ಳಿ. ಥರ್ಮಾಮೀಟರ್ ಒಯ್ಯಬೇಡಿ.

• ಸಸ್ತಾಪುರ ಬಂಗ್ಲಾ: ಬೆಳಗಿನ ಐದಕ್ಕೆ ಲಾರಿ ಚಾಲಕರ ಜೊತೆ ಕುಡಿಯಿರಿ, ನಿದ್ದೆ ಹಾರುತ್ತದೆ. ಹುಡುಗಿಯರಿಗೆ ಕೂಡಲು ಜಾಗವಿಲ್ಲ, ಆಗಬೇಕು.

• ಮನ್ನಾಎಖೇಳಿ, ಹೆದ್ದಾರಿ ಧಾಬಾ: ಮನೆಮಂದಿಯೆಲ್ಲ ಕೂಡಬಹುದು. ಚಾಕ್ಕಿಂತ ಮಿರ್ಚಿ ಭಜಿ ಮೇಲು.

• ಚಿಟಗುಪ್ಪ, ಕಾಕಾನ ಅಂಗಡಿ: ಬಸ್ಸು ಹಿಡಿಯುವವರಿಗೆ, ಪೇಪರ್ ಓದುವವರಿಗೆ, ನೌಕರಿ ಹುಡುಕುವವರಿಗೆ. ಸಿಗದಿದ್ದರೂ ಬನ್ನಿ.